ಗಸಿಯಲ್ಲಿ ಏನೋ ಇದೆ

ಮಂಗಳವಾರ, ಹಂಗಾರಕಟ್ಟೆಯಿಂದ ಬಾರ್ಜು.
ಎರಡು ಸ್ಕೂಟರು, ಐಸಿನ ಪೆಟ್ಟಿಗೆ, ನಾನು, ನನ್ನ ಚೀಲ.
ಚೀಲದಲ್ಲಿ ಬಿ.ಪಿ. ನೋಡುವ ಪಟ್ಟಿ, ತೂಕದ ಯಂತ್ರ,
ತಿಂಗಳಿಗೊಮ್ಮೆ ಸೊಂಟಕ್ಕೆ ಚುಚ್ಚುವ ಎಣ್ಣೆಮದ್ದು, ನಾಲ್ಕು ಬಾಟಲಿ.
ಊರಿನ ಲೆಕ್ಕದಲ್ಲಿ ನಾನು ಶುಗರ್ ನೋಡುವ ನರ್ಸು.
ಇರಲಿ. ಆ ಸುಳ್ಳಿಗೇ ಮೂರು ಮನೆಯ ಬಾಗಿಲು ತೆರೆಯುತ್ತದೆ.

ಕೋಡಿ ಬೆಂಗ್ರೆ.
ಈ ಕಡೆ ಹೊಳೆ, ಆ ಕಡೆ ಕಡಲು, ನಡುವೆ ಒಂದು ರಸ್ತೆ.
ಒಬ್ಬರ ಕೆಮ್ಮು ಇನ್ನೊಬ್ಬರ ಮನೆಗೆ ಕೇಳುವಷ್ಟೇ ಜಾಗ.
ಇಲ್ಲಿ ಒಬ್ಬ ಹುಡುಗನಿಗೆ
ಯಾರಿಗೂ ಕೇಳದ್ದು ಕೇಳುತ್ತದೆ.

ಸುಕೇಶ, ಇಪ್ಪತ್ತೆರಡು. ಪರ್ಸೀನ್ ಬೋಟಿನಲ್ಲಿ ಮೂರು ಸೀಸನ್.
ಕಳೆದ ಮಾರ್ಚಿನಲ್ಲಿ ಬೋಟು ದಡಕ್ಕೆ ಬಂತು,
ಇಂಜಿನ್ ನಿಂತಿತು,
ವಯರ್‌ಲೆಸ್ಸು ನಿಲ್ಲಲಿಲ್ಲ.
"ಹಗಲಿಗೆ ಮಲ್ಪೆಯವರು, ರಾತ್ರಿಗೆ ಗುರುತಿಲ್ಲದವರು.
ನನ್ನ ಹೆಸರಿಗೆ ರೇಟು ಕೂಗುತ್ತಾರೆ. ಕಿಲೋಕ್ಕೆ ಇಷ್ಟು ಅಂತ."
ಬರೆದುಕೊಂಡೆ. ಫಾರ್ಮಿನಲ್ಲಿ ಅದಕ್ಕೊಂದು ಚೌಕ ಇದೆ:
ಹೌದು, ಇಲ್ಲ.

ಮೊದಲು ಪಾತ್ರಿಯಲ್ಲಿಗೆ ಹೋಗಿ ಬಂದಿದ್ದರು.
ನಾನು ಬೇಡ ಅನ್ನಲಿಲ್ಲ. ಒಂದು ಕೈಗೆ ಕಪ್ಪು ನೂಲು ಇರಲಿ,
ನಾಡಿ ನೋಡಲು ನನಗೆ ಇನ್ನೊಂದು ಸಾಕು.

ಮಾತ್ರೆ ನುಂಗಲಿಲ್ಲ ಅವನು. ಆಮೇಲೆ ಊಟವನ್ನೂ ಬಿಟ್ಟ.
"ವಿಷ ಹಾಕ್ತೇನಂತೆ ಮೇಡಂ. ನಾನು! ಹೆತ್ತವಳು!"
ವಾರಿಜಕ್ಕನ ಮೊಣಕೈಯಲ್ಲಿ ಮೀನಿನ ಹುರುಪೆ ಹೊಳೆಯುತ್ತಿತ್ತು.
"ಗಸಿಯಲ್ಲಿ ಏನೋ ಇದೆ ಅಂತಾನೆ."
ಕೇಳಬಾರದಿತ್ತೋ ಏನೋ. ಕೇಳಿದೆ:
"ಗಸಿಯಲ್ಲಿ ಏನಾದರೂ ಇದೆಯಾ?"

ಒಳಗೆ ಗ್ರೈಂಡರು ತಿರುಗುತ್ತಿತ್ತು.
ತಿರುಗಿಯೇ ತಿರುಗಿತು.
ಕಾಯಿ, ಬ್ಯಾಡಗಿ ಮೆಣಸು, ಹುಣಸೆ,
ಹತ್ತು ಮಿಲಿಗ್ರಾಂ.

ಆ ಮನೆಯಲ್ಲಿ ಅಷ್ಟು ದಿನ
ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದವನು ಅವನೊಬ್ಬನೇ.

ಕದ್ದು ಕೊಡಬಾರದು ಎಂದು ಕಲಿಸಿದ್ದಾರೆ ನನಗೆ.
ಕಲಿಸಿದವರು ಯಾರೂ
ತಟ್ಟೆಯೆದುರು ಬಾಯಿ ಕಟ್ಟಿ ಕೂತ ಮಗನಿಗೆ
ಮುಳ್ಳು ಬಿಡಿಸಿಟ್ಟು ಕಾದವರಲ್ಲ.
ಆದರೂ "ಹೇಳಿಬಿಡಿ" ಅಂದೆ.
"ನೀವೇ ಹೇಳಿ" ಅಂದರು.

ಕೊನೆಗೆ ಅವರೇ ಹೇಳಿದ್ದು, ಕಡಲ ಬದಿಯ ಜಗಲಿಯಲ್ಲಿ,
ಅವನ ಮುಖ ನೋಡದೆ, ಹರವಿದ ಬಲೆಗೆ ಹೇಳುವ ಹಾಗೆ.
ಅವನು ಕೂಗಲಿಲ್ಲ. ನಕ್ಕ.
ನನ್ನ ಕಡೆ ತಿರುಗಿ, "ನೀವು ಶುಗರಿನವರೂ ಅಲ್ಲ."
"ಅಲ್ಲ" ಅಂದೆ.

ನಾಲ್ಕು ದಿನ ತಾನೇ ಕೆತ್ತಿದ ಬೊಂಡ,
ತಾನೇ ಒಡೆದ ಬಿಸ್ಕತ್ತಿನ ಪ್ಯಾಕೆಟ್ಟು.
ನನಗೂ ನಿದ್ದೆಯಿಲ್ಲ. ಕೆಡಿಸಿಬಿಟ್ಟೆನಾ ಎಂದು
ಡಾಕ್ಟರರಿಗೆ ದಿನಕ್ಕೆ ಎರಡು ಫೋನು.
ಐದನೆಯ ದಿನ ಒಂದು ಷರತ್ತು ಬಂತು:
ಅಮ್ಮ ಮೊದಲು ಉಣ್ಣಬೇಕು.
ಅದೇ ಪಾತ್ರೆಯಿಂದ, ತನ್ನೆದುರು.

ಗಂಡ, ಮೈದುನ, ಮಕ್ಕಳೆಲ್ಲ ಎದ್ದ ಮೇಲೆ
ತಲೆ, ಬಾಲ, ತಳ ಹಿಡಿದ ಅನ್ನ.
ಮೂವತ್ತು ವರ್ಷದ ಊಟ ಅದು ವಾರಿಜಕ್ಕನಿಗೆ.
ಮೊದಲ ದಿನ ಕೈ ಬಾಯಿಗೆ ಹೋಗಲೇ ಇಲ್ಲವಂತೆ.
"ಬಿಸಿ, ಮೇಡಂ. ಗಸಿ ಇಷ್ಟು ಬಿಸಿ ಇರ್ತದಾ?"

ಈಗ ಮಾತ್ರೆ ಅವನ ಅಂಗೈಗೇ ಬರುತ್ತದೆ.
ನುಂಗುತ್ತಾನೆ. ಕೆಲವು ದಿನ ಇಲ್ಲ.
ಬೆರಳು ಸ್ವಲ್ಪ ನಡುಗುತ್ತವೆ, ಆರು ಕಿಲೋ ಹೆಚ್ಚಿದ್ದಾನೆ,
ಕ್ರಿಕೆಟ್ ಟೀಮಿನ ಅಂಗಿ ಹಿಡಿಯುವುದಿಲ್ಲ ಎಂದು
ನನ್ನ ತೂಕದ ಯಂತ್ರದ ಮೇಲೆ ಸಿಟ್ಟು.
ವಯರ್‌ಲೆಸ್ಸು ಪೂರ್ತಿ ಹೋಗಿಲ್ಲ.
"ದೂರದ ಬೋಟುಗಳು" ಅನ್ನುತ್ತಾನೆ, "ಅವಕ್ಕೆ ರೇಂಜು ಸಾಲುವುದಿಲ್ಲ."
ಬಲೆಯ ಹರಿದ ಕಣ್ಣು ಹೊಲಿಯುತ್ತಾನೆ, ದಿನಕ್ಕೆ ಎರಡು ಮಾರು.

ಕಳೆದ ವಾರ ಹೋದಾಗ ಇಬ್ಬರೂ ಊಟಕ್ಕೆ ಕೂತಿದ್ದರು.
ಷರತ್ತನ್ನು ಅವನು ಮರೆತು ತಿಂಗಳಾಯಿತು.
ಅವರು ಮರೆತಿಲ್ಲ.
ಬಂಗುಡೆಯ ನಡುತುಂಡು ತಮ್ಮ ತಟ್ಟೆಗೆ ಬಡಿಸಿಕೊಂಡು
ನನ್ನನ್ನು ಕಂಡು ಸಣ್ಣಗೆ ನಾಚಿದರು.

"ಕೂತ್ಕೊಳ್ಳಿ" ಅಂದ ಸುಕೇಶ.
"ಒಂದು ಮುಷ್ಟಿ ಉಣ್ಣಿ. ಏನೂ ಹಾಕಿಲ್ಲ."

ಬಾರ್ಜು ತಪ್ಪಿತು.
ಉಪ್ಪು ಸ್ವಲ್ಪ ಹೆಚ್ಚಾಗಿತ್ತು.